ಜನವರಿಯಲ್ಲಿ ಹತ್ತು ದಿನ, ಜುಲೈನಲ್ಲಿ ಹತ್ತು ದಿನ

"ಇಬ್ಬರದೂ ಮನೆಯಿಂದಲೇ ಕೆಲಸ. ಮಗು ಇನ್ನೂ ಚಿಕ್ಕದು. ತುಮಕೂರಿನ ಸೈಟು ಮಾರಿ ಹಿಮಾಚಲದಲ್ಲೋ ಉತ್ತರಾಖಂಡದಲ್ಲೋ ಒಂದು ಮನೆ ತಗೊಂಡು ಇದ್ದುಬಿಡೋಣ ಅಂತಿದೀವಿ. ಸರಿಹೋಗುತ್ತಾ?"

ಈ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಅಲ್ಲಿ ಬದುಕಲು ಆಗುತ್ತದೆಯೇ ಎಂಬುದು ಒಂದು, ಅಲ್ಲಿ ಆಸ್ತಿ ಕೊಳ್ಳಬಹುದೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಚಿಕ್ಕದು, ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ: ಇಲ್ಲಿನ ಸೈಟು ಮಾರಬೇಡಿ. ಒಂದು ವರ್ಷ ಅಲ್ಲಿ ಬಾಡಿಗೆಗೆ ಇದ್ದು ನೋಡುವವರೆಗೆ ಮಾರುವ ಮಾತೇ ಬೇಡ.

ಕರ್ನಾಟಕದಲ್ಲಿ 2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಆ ರೂಢಿಯಲ್ಲೇ ಹಿಮಾಚಲಕ್ಕೆ ಹೋದವರು ಮುಗ್ಗರಿಸುತ್ತಾರೆ. ಅಲ್ಲಿನ 1972ರ ಗೇಣಿ ಮತ್ತು ಭೂಸುಧಾರಣಾ ಕಾಯ್ದೆಯ 118ನೇ ಕಲಮು, ಕೃಷಿಕರಲ್ಲದವರ ಹೆಸರಿಗೆ ಜಮೀನು ವರ್ಗಾವಣೆ ಆಗುವುದನ್ನೇ ತಡೆಯುತ್ತದೆ. ಕೃಷಿಕ ಅಂದರೆ ಹಿಮಾಚಲದೊಳಗೇ ಜಮೀನು ಇಟ್ಟುಕೊಂಡು ಸ್ವತಃ ಸಾಗುವಳಿ ಮಾಡುವವನು. ಮಾಲೂರಿನಲ್ಲಿ ಹತ್ತು ಎಕರೆ ಪಹಣಿ ನಿಮ್ಮ ಹೆಸರಿನಲ್ಲಿದ್ದರೂ ಅಲ್ಲಿ ನೀವು ಕೃಷಿಕರಲ್ಲ. ಕ್ರಯ, ದಾನ, ವಿಲ್, ಭೋಗ್ಯ ಮಾತ್ರವಲ್ಲ, ಜಮೀನನ್ನು ಗುತ್ತಿಗೆಗೆ ಹಿಡಿಯುವುದೂ ಈ ಕಲಮಿನಡಿ ಬರುತ್ತದೆ. ಕೋಲಾರದ ಟೊಮೆಟೊ ಬೆಳೆಗಾರರು ಸೋಲನ್ ಕಡೆ ಹೋಗಿ ಜಮೀನು ಗುತ್ತಿಗೆ ಹಿಡಿಯುವ ಯೋಚನೆ ಮಾಡುವುದುಂಟು. ಅದು ಬಾಯಿಮಾತಿನಲ್ಲಿ ಆಗುವ ಕೆಲಸವಲ್ಲ. ಮನೆ ಕಟ್ಟಿಕೊಳ್ಳಲು ಸರ್ಕಾರದ ಅನುಮತಿ ಪಡೆದು 500 ಚದರ ಮೀಟರ್‌ವರೆಗೆ ಕೊಳ್ಳಲು ದಾರಿ ಇದೆ, ಅಂದರೆ ನಮ್ಮ ನಾಲ್ಕೂವರೆ ತರ್ಟಿ-ಫಾರ್ಟಿ ಸೈಟು. ಸ್ಥಳೀಯರ ಹೆಸರಿನಲ್ಲಿ ನೋಂದಣಿ ಮಾಡಿಸಿ, ಜಿಪಿಎ (ಅಧಿಕಾರ ಪತ್ರ) ಬರೆಸಿಕೊಂಡು "ನಡೆದುಹೋಗುತ್ತೆ" ಎನ್ನುವ ದಲ್ಲಾಳಿಯ ಮಾತು ಮಾತ್ರ ಕೇಳಲೇಬೇಡಿ. ಸಿಕ್ಕಿಬಿದ್ದರೆ ಜಮೀನು ಸರ್ಕಾರಕ್ಕೆ ಹೋಗುತ್ತದೆ, ಕೊಟ್ಟ ಹಣಕ್ಕೆ ದಾಖಲೆಯೇ ಇರುವುದಿಲ್ಲ.

ಉತ್ತರಾಖಂಡದಲ್ಲೂ 2025ರ ತಿದ್ದುಪಡಿಯಿಂದ ಬಿಗಿಯಾಗಿದೆ. ಹರಿದ್ವಾರ, ಉಧಮ್ ಸಿಂಗ್ ನಗರ ಬಿಟ್ಟು ಉಳಿದ 11 ಜಿಲ್ಲೆಗಳಲ್ಲಿ ಹೊರಗಿನವರು ಕೃಷಿ, ತೋಟದ ಜಮೀನು ಕೊಳ್ಳುವಂತಿಲ್ಲ. ನಗರಸಭೆ ವ್ಯಾಪ್ತಿಯ ಆಚೆ ವಾಸಕ್ಕಾದರೆ ಒಂದು ಕುಟುಂಬಕ್ಕೆ 250 ಚದರ ಮೀಟರ್, ಅದೂ ಪ್ರಮಾಣಪತ್ರ ಬರೆದುಕೊಟ್ಟ ಮೇಲೆ. ಅಲ್ಲಿಯವರು ಅಳತೆಯನ್ನು ನಾಲಿ ಲೆಕ್ಕದಲ್ಲಿ ಹೇಳುತ್ತಾರೆ: ಒಂದು ನಾಲಿ 200 ಚದರ ಮೀಟರ್, ಹೆಚ್ಚುಕಡಿಮೆ ನಮ್ಮ ಎರಡು ಗುಂಟೆ. ಹಿಮಾಚಲದ ಬಿಘಾ ಸುಮಾರು ಎಂಟು ಗುಂಟೆ, ಐದು ಬಿಘಾ ಸೇರಿದರೆ ಒಂದು ಎಕರೆ. ಉತ್ತರ ಪ್ರದೇಶದ ಬಿಘಾ ಬೇರೆ, ಆ ಲೆಕ್ಕ ಇಲ್ಲಿಗೆ ತರಬೇಡಿ.

ಇನ್ನು ಬದುಕುವ ಮಾತು.

ಬೆಟ್ಟದ ರಾಜ್ಯ ಎಂದ ಮಾತ್ರಕ್ಕೆ ಎಲ್ಲ ಊರೂ ಒಂದೇ ಅಲ್ಲ. ತುಮಕೂರು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ, ಡೆಹ್ರಾಡೂನ್ 640 ಮೀಟರ್‌ನಲ್ಲಿ. ಅಂದರೆ ಡೆಹ್ರಾಡೂನ್ ನಮಗಿಂತ ಕೆಳಗಿದೆ. ಪಾಲಂಪುರ ಸುಮಾರು 1,200, ಸೋಲನ್ 1,500ರ ಮೇಲೆ, ಶಿಮ್ಲಾ 2,200. ನಂದಿಬೆಟ್ಟದ ತುದಿ 1,478 ಮೀಟರ್. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ತಂಪು. ಇದರ ಮೇಲೆ ನಾವು 13ನೇ ಅಕ್ಷಾಂಶದವರು, ಅವರು 31ನೆಯದರವರು. ನಂದಿಯ ಡಿಸೆಂಬರ್ ಮುಂಜಾವಿನ ಚಳಿ ತಡೆದೆವು ಎಂದು ಸೋಲನ್ ಚಳಿಯನ್ನು ಅಳೆಯಲಾಗದು. ಹಿಮವನ್ನೇ ನೋಡಬೇಕೆಂಬ ಹಟವಿಲ್ಲದವರಿಗೆ 1,200ರಿಂದ 1,600 ಮೀಟರ್ ನಡುವಿನ ಊರು ಸಾಕು.

ಎತ್ತರಕ್ಕಿಂತ ಮುಖ್ಯವಾದದ್ದು, ಮನೆ ಬೆಟ್ಟದ ಯಾವ ಮಗ್ಗುಲಲ್ಲಿದೆ ಎಂಬುದು. ದಕ್ಷಿಣದ ಬಾಗಿಲಿನ ಮನೆ ಎಂದರೆ ಇಲ್ಲಿ ಬಾಡಿಗೆಗೂ ಜನ ಹಿಂಜರಿಯುತ್ತಾರೆ. ಅಲ್ಲಿ ದಕ್ಷಿಣಕ್ಕೆ ತೆರೆದ ಮನೆಯೇ ಚಿನ್ನ. ಡಿಸೆಂಬರ್ 22ರ ನಡುಹಗಲಿನಲ್ಲಿ ಕೋಲಾರದಲ್ಲಿ ಸೂರ್ಯ ಸುಮಾರು 53 ಡಿಗ್ರಿ ಮೇಲಿರುತ್ತಾನೆ, ಶಿಮ್ಲಾದಲ್ಲಿ ಬರೀ 35 ಡಿಗ್ರಿ. ಮನೆಯ ದಕ್ಷಿಣಕ್ಕೆ ಅದಕ್ಕಿಂತ ಎತ್ತರಕ್ಕೆ ಕಾಣುವ ಗುಡ್ಡ ಇದ್ದರೆ ಚಳಿಗಾಲದ ಆ ವಾರಗಳಲ್ಲಿ ಅಂಗಳಕ್ಕೆ ಬಿಸಿಲೇ ಬೀಳುವುದಿಲ್ಲ. ಅಳೆಯಲು ಉಪಕರಣ ಬೇಡ. ಅಂಗಳದಲ್ಲಿ ನಿಂತು ದಕ್ಷಿಣಕ್ಕೆ ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ. ಒಂದು ಮುಷ್ಟಿ ಹತ್ತಿರಹತ್ತಿರ ಹತ್ತು ಡಿಗ್ರಿ. ಕಣ್ಣಿನ ಮಟ್ಟದಿಂದ ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಎಣಿಸಿ. ಗುಡ್ಡದ ನೆತ್ತಿ ಮೂರು ಮುಷ್ಟಿ ದಾಟಿದರೆ ಆ ಮನೆ ಬಿಡಿ. ಬಿಸಿಲಿಲ್ಲದ ಮನೆಯಲ್ಲಿ ಗೋಡೆ ಒಣಗುವುದಿಲ್ಲ, ಬಟ್ಟೆ ಒಣಗುವುದಿಲ್ಲ, ಮುಂದಿನ ದಾರಿಯ ಮೇಲೆ ಕಟ್ಟಿದ ಹಿಮಗಡ್ಡೆ ದಿನವಿಡೀ ಕರಗುವುದಿಲ್ಲ.

ಮನೆಯ ಹಿಂದಿನ ಇಳಿಜಾರನ್ನು ನೋಡುವ ಕಣ್ಣು ನಮಗಿಲ್ಲ. ಮಧುಗಿರಿಯದೋ ಅಂತರಗಂಗೆಯದೋ ಬೆಟ್ಟ ಎಂದರೆ ನಮ್ಮ ಮನಸ್ಸಿಗೆ ಬರುವುದು ಅಲುಗದ ಬಂಡೆ. ಹಿಮಾಲಯ ಎಳೆಯ ಪರ್ವತ, ಈಗಲೂ ಮೇಲೇಳುತ್ತಿದೆ. ಅಲ್ಲಿನ ಇಳಿಜಾರುಗಳು ಬಹಳ ಕಡೆ ಮಣ್ಣು, ಸಡಿಲ ಕಲ್ಲು, ಹಳೆಯ ಕುಸಿತದ ರಾಶಿ. 1905ರ ಏಪ್ರಿಲ್ 4ರಂದು ಹಿಮಾಚಲದ ಕಾಂಗ್ಡಾ ಭೂಕಂಪದಲ್ಲಿ ಸುಮಾರು 20,000 ಜನ ಸತ್ತರು. 2023ರ ಜನವರಿಯಲ್ಲಿ ಉತ್ತರಾಖಂಡದ ಜೋಶಿಮಠದ ಮನೆಗಳು ಬಿರುಕುಬಿಟ್ಟವು, ಅದೇ ವರ್ಷದ ಮಳೆಗಾಲದಲ್ಲಿ ಹಿಮಾಚಲದಲ್ಲಿ ರಸ್ತೆ, ಮನೆ, ಸೇತುವೆ ಕೊಚ್ಚಿಹೋದವು. ಹೆದರಿಸಲು ಹೇಳುತ್ತಿಲ್ಲ, ಮನೆ ನೋಡಲು ಹೋದಾಗ ಒಳಗಿನ ಟೈಲ್ಸಿಗಿಂತ ಮೊದಲು ಮನೆಯ ಸುತ್ತ ನಡೆಯಿರಿ ಎನ್ನಲು ಹೇಳುತ್ತಿದ್ದೇನೆ.

ಮೇಲಿನ ಇಳಿಜಾರಿನ ಮರಗಳ ಬುಡ ಕೊಡಲಿ ಹಿಡಿಯಂತೆ ಬಾಗಿ ಆಮೇಲೆ ನೆಟ್ಟಗೆದ್ದಿದ್ದರೆ ಮಣ್ಣು ನಿಧಾನವಾಗಿ ಜಾರುತ್ತಿರಬಹುದು. ಹಿಂದಿನ ತಡೆಗೋಡೆಯನ್ನು ಅಲ್ಲಿ ಡಂಗಾ ಎನ್ನುತ್ತಾರೆ. ಅದರಲ್ಲಿ ನೀರು ಹೊರಹೋಗಲು ಬಿಟ್ಟ ತೂತುಗಳಿರಬೇಕು. ತೂತೇ ಇಲ್ಲದಿದ್ದರೆ, ಅಥವಾ ಮಣ್ಣು ತುಂಬಿ ಮುಚ್ಚಿದ್ದರೆ, ಮಳೆನೀರು ಗೋಡೆಯ ಹಿಂದೆ ನಿಂತು ಅದನ್ನು ಮುಂದಕ್ಕೆ ದೂಡುತ್ತದೆ. ಗೋಡೆಯ ನಡುಭಾಗ ಹೊಟ್ಟೆಯಂತೆ ಉಬ್ಬಿದೆಯೇ, ಪಕ್ಕದಿಂದ ನೋಡಿ. ರಸ್ತೆ ಅಗೆದ ಮಣ್ಣನ್ನು ಸುರಿದು ಸಮ ಮಾಡಿದ ಜಾಗದಲ್ಲಿ ಮನೆ ಇದ್ದರೆ ಒಳಗೆ ಹೋಗುವ ಅಗತ್ಯವೇ ಇಲ್ಲ. ಶೌಚದ ಗುಂಡಿಯ ನೀರು ಎಲ್ಲಿ ಇಂಗುತ್ತಿದೆ ಎಂದು ಕೇಳಿ. ಮೇಲಿನ ಮನೆಯ ಗುಂಡಿ ನಿಮ್ಮ ತಳಪಾಯಕ್ಕೆ ನೀರು ಉಣಿಸುತ್ತಿರಬಹುದು. ಹಳ್ಳಕ್ಕೆ ಅಲ್ಲಿ ಖಡ್ಡ್ ಎನ್ನುತ್ತಾರೆ. ಮಾರ್ಚಿನಲ್ಲಿ ಮೊಣಕಾಲು ಮುಳುಗದ ಖಡ್ಡ್ ಆಗಸ್ಟಿನಲ್ಲಿ ಬಂಡೆ ಉರುಳಿಸುತ್ತದೆ. ಗೃಹವಿಮೆ ಮಾಡಿಸುವುದಾದರೆ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಭೂಕಂಪ, ಭೂಕುಸಿತ ಎರಡೂ ಸೇರಿವೆ; ಬಾಡಿಗೆದಾರರು ಸಾಮಾನಿಗೆ ಮಾತ್ರ ಮಾಡಿಸಬಹುದು.

ನೀರಿನ ವಿಷಯ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರು ಜಿಲ್ಲೆಯವರಿಗೆ ಹೇಳಿಕೊಡಬೇಕಿಲ್ಲ, ಆದರೆ ಅಲ್ಲಿ ಕೇಳಬೇಕಾದ್ದು ಬೋರ್‌ವೆಲ್ ಎಷ್ಟು ಅಡಿ ಎಂದಲ್ಲ. ಹಳ್ಳಿಗಳು ನಿಂತಿರುವುದು ಬಹುಪಾಲು ಒರತೆಗಳ ಮೇಲೆ. ಅವಕ್ಕೆ ಹಿಮಾಚಲದಲ್ಲಿ ಬಾವಡಿ, ಉತ್ತರಾಖಂಡದ ಕುಮಾವೂನಿನಲ್ಲಿ ನೌಲಾ ಎನ್ನುತ್ತಾರೆ. ಮಳೆ ಮುಗಿದ ಅಕ್ಟೋಬರಿನಲ್ಲಿ ಎಲ್ಲ ಒರತೆಯೂ ತುಂಬಿ ಹರಿಯುತ್ತದೆ. ಕೇಳಬೇಕಾದ್ದು ಮೇ ಕೊನೆಯ ನೀರು. 15 ಲೀಟರಿನ ಬಕೆಟ್ ಹಿಡಿದು ಗಡಿಯಾರ ನೋಡಿ. ಒಂದು ನಿಮಿಷಕ್ಕೆ ತುಂಬಿದರೆ ದಿನಕ್ಕೆ 21,600 ಲೀಟರ್. ಹತ್ತು ನಿಮಿಷ ಬೇಕಾದರೆ 2,160 ಲೀಟರ್. ಅದನ್ನೇ ಹತ್ತು ಮನೆ ಹಂಚಿಕೊಂಡರೆ ನಿಮ್ಮ ಪಾಲು 216. ನಾಲ್ಕು ಜನರ ಮನೆಗೆ ದಿನಕ್ಕೆ 500 ಲೀಟರಾದರೂ ಬೇಕು. ಹೊಸಬರು ಬಂದು ಎಲ್ಲರ ಒರತೆಗೆ ಪೈಪು ಹಾಕಿದರೆ ಊರಿನೊಂದಿಗೆ ಮನಸ್ತಾಪ ಶುರುವಾಗುವುದೂ ಅಲ್ಲಿಂದಲೇ. ಕೇಳಿ, ಒಪ್ಪಿಸಿ, ಆಮೇಲೆ ಹಾಕಿ.

ಅಲ್ಲಿ ಚಳಿಗಾಲಕ್ಕೂ ಖರ್ಚಿನ ಲೆಕ್ಕ ಹಾಕಬೇಕು. ಎರಡು ಕಿಲೋವ್ಯಾಟ್ ಹೀಟರ್ ದಿನಕ್ಕೆ ಆರು ಗಂಟೆ ಉರಿದರೆ 12 ಯೂನಿಟ್, ತಿಂಗಳಿಗೆ 360. ಬಾಡಿಗೆ ಕರಾರಿಗೆ ಮೊದಲು ಮೀಟರಿನ ಮಂಜೂರಾದ ಲೋಡ್ ಎಷ್ಟೆಂದು ಬಿಲ್ಲಿನಲ್ಲಿ ನೋಡಿ. ಎರಡು ಕಿಲೋವ್ಯಾಟ್ ಇದ್ದರೆ ಗೀಸರ್ ಮತ್ತು ಹೀಟರ್ ಒಟ್ಟಿಗೆ ಹಾಕಿದ ಕೂಡಲೇ ಟ್ರಿಪ್. ಅದಕ್ಕೇ ಅಲ್ಲಿಯವರು ಸೌದೆಯ ತಂದೂರ್ ಇಟ್ಟುಕೊಳ್ಳುತ್ತಾರೆ. ಕಬ್ಬಿಣದ ಪೆಟ್ಟಿಗೆಯಂಥ ಒಲೆ, ಚಿಮಣಿ ಚಾವಣಿಯಾಚೆ ಹೋಗಿರುತ್ತದೆ. ಇದು ಸರಿ. ಪ್ರಾಣ ತೆಗೆಯುವುದು ಕೊಠಡಿಯೊಳಗೆ ಇಟ್ಟು ಬಾಗಿಲು ಮುಚ್ಚಿ ಮಲಗುವ ಇದ್ದಿಲಿನ ಅಂಗೀಠಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣವಿಲ್ಲ, ಕೆಮ್ಮು ಬರುವುದಿಲ್ಲ, ನಿದ್ದೆಯಲ್ಲೇ ಮುಗಿದುಹೋಗುತ್ತದೆ. ಮನೆಯಲ್ಲಿ ಅಂಗೀಠಿ ಇದ್ದರೆ ಮಲಗುವ ಮುನ್ನ ಹೊರಗಿಡಿ. ಇದರಲ್ಲಿ ರಾಜಿ ಇಲ್ಲ.

ನೀರು ಹೆಪ್ಪುಗಟ್ಟುವಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ, ಪೈಪು ಸೀಳುವುದು ಹಾಗೆ. ಮಾಳಿಗೆಯ ಟ್ಯಾಂಕಿನಿಂದ ಬರುವ ಪೈಪಿಗೆ ಫೋಮಿನ ಹೊದಿಕೆ ಇದೆಯೇ, ರಾತ್ರಿ ನೀರು ನಿಲ್ಲಿಸಿ ಪೈಪು ಖಾಲಿ ಮಾಡಲು ಕೆಳಗೆ ವಾಲ್ವ್ ಇದೆಯೇ ನೋಡಿ. ಎರಡೂ ಇಲ್ಲದಿದ್ದರೆ ರಾತ್ರಿ ಒಂದು ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡುವುದೇ ಉಪಾಯ.

ಮೆಟ್ಟಿಲು ಎಣಿಸಿ. ರಸ್ತೆಯಿಂದ ಮನೆಗೆ 150 ಮೆಟ್ಟಿಲಿದ್ದರೆ ತುಂಬಿದ ಸಿಲಿಂಡರ್, ಸುಮಾರು 30 ಕೆಜಿ, ಯಾರದೋ ಬೆನ್ನ ಮೇಲೇ ಬರಬೇಕು, ಅದಕ್ಕೆ ಕೂಲಿ ಬೇರೆ. ಮಂಡಿನೋವಿರುವ ಅಪ್ಪ ಅಮ್ಮ ಜೊತೆಗೆ ಬರುವುದಾದರೆ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಈ ಮೆಟ್ಟಿಲನ್ನೇ.

ಅಡುಗೆಮನೆಯ ವಿಷಯ ಅಷ್ಟು ಕಷ್ಟದ್ದಲ್ಲ. ಶಿಮ್ಲಾ ಎತ್ತರದಲ್ಲಿ ನೀರು 93 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ (ಕೋಲಾರದಲ್ಲಿ 97), ಬೇಳೆ ತೆರೆದ ಪಾತ್ರೆಯಲ್ಲಿ ಬೇಗ ಬೇಯದು, ಕುಕ್ಕರೇ ಗತಿ. ಇಡ್ಲಿ ಹಿಟ್ಟು ಜನವರಿಯಲ್ಲಿ ಉಬ್ಬಬೇಕಾದರೆ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ತಂದೂರಿನ ಹತ್ತಿರ ಇಡಬೇಕು. ಮುದ್ದೆಗೆ ಮಾತ್ರ ಕೊರತೆಯಿಲ್ಲ: ಉತ್ತರಾಖಂಡದಲ್ಲಿ ಮಂಡುವಾ, ಹಿಮಾಚಲದಲ್ಲಿ ಕೋದ್ರಾ ಎಂದು ಕೇಳಿ, ಅದು ನಮ್ಮ ರಾಗಿಯೇ.

ಆಸ್ಪತ್ರೆಯ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ. ತುಮಕೂರಿನಿಂದ ಬೆಂಗಳೂರು 70 ಕಿ.ಮೀ., ಒಂದೂವರೆ ಗಂಟೆ. ಶಿಮ್ಲಾದಿಂದ ಚಂಡೀಗಢದ ಪಿಜಿಐ ಆಸ್ಪತ್ರೆಗೆ ಸುಮಾರು 115 ಕಿ.ಮೀ., ರಸ್ತೆ ತೆರೆದಿದ್ದರೆ ಮೂರೂವರೆ ಗಂಟೆ. ಮಳೆಗಾಲದಲ್ಲಿ ಗುಡ್ಡ ಜರಿದರೆ ಲೆಕ್ಕವಿಲ್ಲ. ಹಿಮಾಚಲದ ಬಿಲಾಸ್‌ಪುರ, ಉತ್ತರಾಖಂಡದ ಋಷಿಕೇಶಗಳಲ್ಲಿ ಏಮ್ಸ್ ಆಸ್ಪತ್ರೆ ಇದೆ. ಡಯಾಲಿಸಿಸ್, ಕೀಮೋ, ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರು ಇರುವ ಕುಟುಂಬ ಇವುಗಳಲ್ಲೊಂದಕ್ಕೆ ಎರಡು ಗಂಟೆಯೊಳಗೆ ಇರುವ ಊರನ್ನೇ ಆರಿಸಬೇಕು, ಇಲ್ಲವೇ ಹೋಗಬಾರದು.

ಮಕ್ಕಳ ಓದಿನಲ್ಲಿ ಒಂದು ಬಲೆ ಇದೆ, ಬಹಳ ಮಂದಿಗೆ ತಡವಾಗಿ ಗೊತ್ತಾಗುತ್ತದೆ. ಸಿಇಟಿಯಲ್ಲಿ ಕರ್ನಾಟಕದ ಸೀಟಿಗೆ ಸಾಮಾನ್ಯ ಅರ್ಹತೆ ಎಂದರೆ ಒಂದರಿಂದ ಹನ್ನೆರಡರೊಳಗೆ ಏಳು ವರ್ಷ ಇಲ್ಲಿ ಓದಿರಬೇಕು, ಜೊತೆಗೆ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ ಇಲ್ಲಿ ಪಾಸಾಗಿರಬೇಕು. ಏಳನೇ ತರಗತಿ ಮುಗಿಸಿ ಹೋದ ಮಗುವಿಗೆ ಏಳು ವರ್ಷ ಸಿಗುತ್ತದೆ, ಪರೀಕ್ಷೆ ಸಿಗುವುದಿಲ್ಲ. ಇತ್ತ ಸೀಟು ಹೋಗಿ, ಅತ್ತ ಆ ರಾಜ್ಯದ ನಿವಾಸಿ ಎಂಬ ಪತ್ರವೂ ಇಲ್ಲದೆ ನಡುವೆ ಉಳಿಯಬಾರದು. ಪರಿಶಿಷ್ಟ ಜಾತಿ, ಪಂಗಡದವರು ಇನ್ನೂ ಒಂದು ತಿಳಿದಿರಬೇಕು: ವಲಸೆ ಹೋದ ರಾಜ್ಯದಲ್ಲಿ ಅಲ್ಲಿನ ಮೀಸಲಾತಿ ಸಿಗದು, 1990ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕೇಂದ್ರದ ಹುದ್ದೆಗಳಿಗೆ ಕರ್ನಾಟಕದ ಪ್ರಮಾಣಪತ್ರ ನಡೆಯುತ್ತದೆ.

ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಅಲ್ಲಿ ಇರುವುದಾದರೆ ಮರುನೋಂದಣಿ ಕಡ್ಡಾಯ. ಕೆಎ-06, 07, 40, ನಿಮ್ಮದು ಯಾವುದೋ ಆ ಆರ್‌ಟಿಒದಲ್ಲಿ ಫಾರಂ 28 ಕೊಟ್ಟು ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆಯಬೇಕು. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಇಲ್ಲಿ ಕಟ್ಟಿದ ಜೀವಾವಧಿ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಅಲ್ಲಿ ನೋಂದಣಿಯಾದ ಮೇಲೆ ವಾಪಸು ಕೇಳಬಹುದು. ಮೊದಲ ವರ್ಷ ಇದ್ಯಾವುದಕ್ಕೂ ಕೈಹಾಕಬೇಡಿ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸುವ ಫಾರಂ 8 ಕೂಡ ಕಾಯಲಿ.

ಹೊರಡುವ ಮುನ್ನ ಎರಡು ಸಲ ಹೋಗಿಬನ್ನಿ. ಜನವರಿ ಕೊನೆಯಲ್ಲಿ ಹತ್ತು ದಿನ, ಹೋಟೆಲಲ್ಲಿ ಅಲ್ಲ, ನೀವು ಬಾಡಿಗೆಗೆ ಹಿಡಿಯುವಂಥ ಮನೆಯಲ್ಲೇ. ನೀವೇ ಅಡುಗೆ ಮಾಡಿ, ಆ ಹತ್ತು ದಿನವೂ ಆಫೀಸಿನ ಕೆಲಸ ಮಾಡಿ, ಮೊಬೈಲ್ ಸಿಗ್ನಲ್ಲನ್ನು ರಸ್ತೆಯಲ್ಲಲ್ಲ, ಮಲಗುವ ಕೋಣೆಯಲ್ಲಿ ನೋಡಿ. ಮಗುವನ್ನು ಸೇರಿಸುವ ಶಾಲೆಗೆ ಬೆಳಗಿನ ಹೊತ್ತು ನಡೆದುಕೊಂಡೇ ಹೋಗಿ. ಗೋಡೆಯಲ್ಲಿ, ಡಂಗಾದಲ್ಲಿ ಬಿರುಕು ಕಂಡರೆ ಅದರ ಎರಡೂ ತುದಿಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ, ಫೋಟೊ ತೆಗೆಯಿರಿ. ಜುಲೈ ಮಳೆಯಲ್ಲಿ ಮತ್ತೆ ಹತ್ತು ದಿನ ಹೋದಾಗ ಮೊದಲು ಹೋಗಿ ನಿಲ್ಲಬೇಕಾದ್ದು ಆ ಗೆರೆಯ ಮುಂದೆ. ಬಿರುಕು ಗೆರೆ ದಾಟಿದ್ದರೆ ಮುಂಗಡ ಕೊಡಬೇಡಿ.