ದುಬೈಗೆ ಎರಡು ಗಂಟೆ, ವಾಪಸ್ ಬರಲು ಐದು ಗಂಟೆಯೇ?

ಪ್ರಶ್ನೆ: ಮಂಗಳೂರಿನಿಂದ ದುಬೈಗೆ ಎಷ್ಟು ದೂರ? ವಿಮಾನದಲ್ಲಿ ಹೋಗಲು ಎರಡೇ ಗಂಟೆ, ಬರಲು ಐದು ಗಂಟೆ ಹಿಡಿಯುವುದು ಭೂಮಿ ತಿರುಗುವುದರಿಂದ ತಾನೆ?

ದೂರ ಸುಮಾರು 2,460 ಕಿ.ಮೀ. ವಿಮಾನ ಅಲ್ಲಲ್ಲಿ ಬಳಸಿ ಹೋಗುವುದರಿಂದ ಇನ್ನೊಂದಿಷ್ಟು ಸೇರುತ್ತದೆ. ಹಾರಾಟ ಮೂರೂವರೆ ಗಂಟೆಯ ಆಸುಪಾಸು. ಹೋಗಲೂ ಅಷ್ಟೇ, ಬರಲೂ ಹೆಚ್ಚುಕಡಿಮೆ ಅಷ್ಟೇ.

‘ಟಿಕೆಟ್‌ನಲ್ಲೇ ಇದೆಯಲ್ಲ’ ಎನ್ನುತ್ತೀರಿ. ಇದೆ. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಿಂದ ಬೆಳಿಗ್ಗೆ 9ಕ್ಕೆ ಹೊರಟರೆ ದುಬೈಗೆ 11.10 ಎಂದಿರುತ್ತದೆ ಅನ್ನಿ. ಅಲ್ಲಿಂದ ಮಧ್ಯಾಹ್ನ 12.10ಕ್ಕೆ ಹೊರಟರೆ ಇಲ್ಲಿಗೆ ಸಂಜೆ 5. ಆದರೆ ಅವು ಆಯಾ ಊರಿನ ಗಡಿಯಾರದ ಹೊತ್ತು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಹೋಗುವಾಗ ಅದನ್ನು ಕೂಡಿ, ಬರುವಾಗ ಕಳೆಯಿರಿ: 3 ಗಂಟೆ 40 ನಿಮಿಷ, 3 ಗಂಟೆ 20 ನಿಮಿಷ. ಮಗನಿಗೆ ಫೋನ್ ಮಾಡುವ ಮುಂಚೆ ಬೆರಳೆಣಿಸಿ ‘ಅಲ್ಲೀಗ ಎಂಟೂವರೆ’ ಅನ್ನುವ ನಮ್ಮೂರ ಅಮ್ಮಂದಿರಿಗೆ ಈ ಲೆಕ್ಕ ಬಾಯಿಪಾಠ. ಟಿಕೆಟ್ ಕೈಗೆ ಬಂದಾಗ ಮಾತ್ರ ಎಲ್ಲರಿಗೂ ಭೂಮಿಯ ತಿರುಗಾಟ ನೆನಪಾಗುತ್ತದೆ!

ಸರಿ, ಅದನ್ನೂ ನೋಡಿಬಿಡೋಣ. ಭೂಮಿ ಮೂಡಣಕ್ಕೆ ತಿರುಗುತ್ತದೆ, ಮಂಗಳೂರಿನ ಅಕ್ಷಾಂಶದಲ್ಲಿ ಗಂಟೆಗೆ ಸುಮಾರು 1,600 ಕಿ.ಮೀ. ವೇಗ. ‘ವಿಮಾನ ಮೇಲಿದ್ದಾಗ ದುಬೈಯೇ ಎದುರು ಬರುತ್ತದೆ’ ಎಂಬುದು ವಾದ. ಹಾಗಿದ್ದರೆ ಎಂಜಿನ್ ಯಾಕೆ? ಬಜ್ಪೆಯ ಮೇಲೆ ಹೆಲಿಕಾಪ್ಟರ್ ಸುಮ್ಮನೆ ನಿಂತರಾಯಿತು, ಒಂದೂವರೆ ಗಂಟೆಯೊಳಗೆ ಕೆಳಗೆ ಸೊಕೊತ್ರಾ ದ್ವೀಪದ ಕಡಲು. (ದುಬೈ ಆಗಲೂ ಸಿಗುವುದಿಲ್ಲ, ಅದು ಬಹಳ ಬಡಗಣಕ್ಕಿದೆ.) ತೆಂಗಿನಮರದಿಂದ ಎದ್ದ ಕಾಗೆ ಎರಡೇ ಸೆಕೆಂಡಿನಲ್ಲಿ 900 ಮೀಟರ್ ಪಡುವಣಕ್ಕೆ ಉಳಿದು, ಕಡಲಂಚಿನ ಪಣಂಬೂರಿನದಾದರೆ ಸೀದಾ ನೀರಿಗೆ. ಹಾಗಾಗದೆ ಅದು ಅದೇ ಗರಿಯ ಮೇಲೆ ಬಂದು ಕೂರುವುದೇಕೆ? ಕಾಗೆ, ಗಾಳಿ, ವಿಮಾನ ಎಲ್ಲವೂ ಭೂಮಿಯ ಜೊತೆಗೇ ತಿರುಗುತ್ತಿವೆ. ಗಾಳಿಯೊಂದು ತಿರುಗದೆ ನಿಂತಿದ್ದರೂ ಸಾಕು, ಗಂಟೆಗೆ 1,600 ಕಿ.ಮೀ. ಬಿರುಗಾಳಿ ಬಡಿದು ಮಂಗಳೂರು ಹೆಂಚು ಒಂದೂ ಮಾಡಿನ ಮೇಲೆ ಉಳಿಯುತ್ತಿರಲಿಲ್ಲ. ಈ ಹೆಂಚಿನ ಮಾತನ್ನು ಎಷ್ಟು ಸಲ ಹೇಳಿದ್ದೇನೋ!

ಹಾಗಾದರೆ ಆ 20 ನಿಮಿಷ? ಅದು ಗಾಳಿಯ ಕೆಲಸ. ಚಳಿಗಾಲದಲ್ಲಿ ಅರೇಬಿಯಾ, ಉತ್ತರ ಭಾರತದ ಮೇಲೆ ಹತ್ತು-ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಡುವಣದಿಂದ ಮೂಡಣಕ್ಕೆ ಜೆಟ್ ಗಾಳಿ, ಅಂದರೆ ಹೊಳೆಯಂತೆ ರಭಸದಿಂದ ಹರಿಯುವ ಗಾಳಿ, ಬೀಸುತ್ತದೆ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ.

ಮಳೆಗಾಲದಲ್ಲಿ ಏನಾಗುತ್ತದೆಂದು ಯಾರೂ ಕೇಳುವುದಿಲ್ಲ, ರುಚಿಯಿರುವುದು ಅಲ್ಲೇ. ಆ ಪಶ್ಚಿಮದ ಜೆಟ್ ಹಿಮಾಲಯದಾಚೆ ಸರಿಯುತ್ತದೆ. ದಕ್ಷಿಣ ಭಾರತದ ಮೇಲೆ, ವಿಮಾನಕ್ಕಿಂತಲೂ ಎತ್ತರದಲ್ಲಿ, ತದ್ವಿರುದ್ಧವಾಗಿ ಮೂಡಣದಿಂದ ಪಡುವಣಕ್ಕೆ ಬೀಸುವ ಜೆಟ್ ಶುರುವಾಗುತ್ತದೆ. 1958ರಲ್ಲಿ ಅದರ ಬಗ್ಗೆ ವಿವರವಾಗಿ ಬರೆದದ್ದು ನಮ್ಮವರೇ ಆದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ನೋಡಲು ಉಪಕರಣವೇನೂ ಬೇಡ. ಆಟಿಯಲ್ಲಿ (ತುಳುವರ ಮಳೆಗಾಲದ ತಿಂಗಳು) ಮಳೆ ಬಿಟ್ಟು ಒಂದು ಗಳಿಗೆ ಆಕಾಶ ತೆರೆದಾಗ ಅಂಗಳಕ್ಕಿಳಿದು ಕತ್ತೆತ್ತಿ. ಕೆಳಗಿನ ಕಪ್ಪು ಮೋಡ ಘಟ್ಟದ ಕಡೆ ಓಡುತ್ತಿರುತ್ತದೆ, ಅದರ ಸಂದಿಯಲ್ಲಿ ಕಾಣುವ ಬಿಳಿ ಎಳೆಮೋಡ ಕಡಲ ಕಡೆಗೆ.