‘ಆಯ್ತು’ ಎಂಬ ಮಾತಿನ ಆಚೆ: ಮಧುಮೇಹ ಮತ್ತು ಪ್ರೇರಣಾತ್ಮಕ ಆಪ್ತಸಮಾಲೋಚನೆ

ಮಧುಮೇಹದ ಚಿಕಿತ್ಸೆಯಲ್ಲಿ ವೈದ್ಯರ ಪಾಲು ಕೆಲವೇ ನಿಮಿಷಗಳದು. ಮದ್ದು ನುಂಗುವುದು, ತಟ್ಟೆಗೆ ಎಷ್ಟು ಅನ್ನ ಬಡಿಸಿಕೊಳ್ಳಬೇಕೆಂದು ನಿರ್ಧರಿಸುವುದು, ಪಾದದ ಗಾಯವನ್ನು ಗಮನಿಸುವುದು, ಇವೆಲ್ಲ ರೋಗಿಯ ಮನೆಯಲ್ಲೇ ದಿನವೂ ನಡೆಯಬೇಕಾದ ಕೆಲಸಗಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿದೆ. ಕೇರಳದ ವಯಸ್ಕರಲ್ಲಿ ಈ ಪ್ರಮಾಣ ಶೇಕಡಾ 25ಕ್ಕೂ ಹೆಚ್ಚು. ಆದ್ದರಿಂದ ಕಾಸರಗೋಡಿನಲ್ಲಿ ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಗಳಾದ ನಮಗೆ ಈ ವಿಷಯ ಪರೀಕ್ಷೆಗಷ್ಟೇ ಸೀಮಿತವಾದುದಲ್ಲ.

ಇಂಥ ಬದಲಾವಣೆಗೆ ರೋಗಿಯನ್ನು ಪ್ರೇರೇಪಿಸುವ ಆಪ್ತಸಮಾಲೋಚನೆಯ ಕ್ರಮವೇ ಪ್ರೇರಣಾತ್ಮಕ ಸಂದರ್ಶನ. ಈ ವಿಧಾನವನ್ನು ಅಮೆರಿಕದ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ ಅವರು 1983ರಲ್ಲಿ ಮದ್ಯವ್ಯಸನಿಗಳೊಡನೆ ಮಾಡಿದ ಕೆಲಸದ ಆಧಾರದ ಮೇಲೆ ಮೊದಲು ವಿವರಿಸಿದರು. ಮುಂದೆ ಇನ್ನೊಬ್ಬ ಮನೋವಿಜ್ಞಾನಿ ಸ್ಟೀಫನ್ ರೋಲ್ನಿಕ್ ಅವರೊಡನೆ ಸೇರಿ ಅದನ್ನು ಬೆಳೆಸಿದರು. ಬದಲಾಗಬೇಕೆಂಬ ಆಸೆ ಮತ್ತು ಇದ್ದಂತೆಯೇ ಇರಬೇಕೆಂಬ ಆಸೆ ಒಂದೇ ಮನಸ್ಸಿನಲ್ಲಿ ಜೊತೆಜೊತೆಗೇ ಇರುತ್ತವೆ ಎಂಬುದು ಇದರ ತಳಹದಿ. ನಾವು ಒಂದು ಪಕ್ಷ ಹಿಡಿದು ವಾದಿಸಿದರೆ ರೋಗಿಯು ತಾನಾಗಿಯೇ ಇನ್ನೊಂದು ಪಕ್ಷದ ವಕೀಲನಾಗುತ್ತಾನೆ. ನಮ್ಮೊಳಗಿನ ಈ ತಿದ್ದುವ ತವಕವನ್ನು ಹಿಡಿದಿಟ್ಟುಕೊಂಡು, ಬದಲಾವಣೆಗೆ ಬೇಕಾದ ಕಾರಣಗಳು ರೋಗಿಯ ಬಾಯಿಂದಲೇ ಬರುವಂತೆ ಮಾತನ್ನು ನಡೆಸುವುದೇ ಇಲ್ಲಿನ ಕೌಶಲ.

ಬದಿಯಡ್ಕದ ಕಡೆಯ ಒಂದು ಮನೆಯಲ್ಲಿ ಅರವತ್ತು ದಾಟಿದ ಅಮ್ಮನವರನ್ನು ಮೊದಲ ಸಲ ಕಂಡಾಗ ನಾನು ಆ ತವಕಕ್ಕೆ ಸೋತಿದ್ದೆ. ಗಂಜಿ ಕಡಿಮೆ ಮಾಡಿ, ಸಂಜೆ ಅರ್ಧ ಗಂಟೆ ನಡೆಯಿರಿ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವರು “ಆಯ್ತು ಮಗಾ” ಎಂದು ಹೇಳಿ ಚಾಪೆಯ ಅಂಚನ್ನು ನೇವರಿಸುತ್ತ ಕುಳಿತರು. ಎರಡನೆಯ ಭೇಟಿಯಲ್ಲಿ ಸಲಹೆಯನ್ನು ಬದಿಗಿಟ್ಟು, “ಅಮ್ಮಾ, ಈ ಶುಗರಿನಿಂದ ನಿಮಗೆ ಎಂತ ಕಷ್ಟ ಆಗ್ತಾ ಉಂಟು?” ಎಂದು ಕೇಳಿದೆ.

“ಕಣ್ಣು ಮಂಜು ಮಗಾ. ಹೂ ಕಟ್ಟುದು ಬಿಟ್ಟು ವರ್ಷ ಆಯ್ತು.”

“ಹೂ ಕಟ್ಟುದು ಅಂದ್ರೆ ನಿಮಗೆ ಅಷ್ಟು ಇಷ್ಟ.”

“ದೇವರಿಗೆ ನಾನೇ ಕಟ್ಟುತ್ತಿದ್ದದ್ದಲ್ವಾ. ಕಣ್ಣೊಂದು ಸರಿ ಇದ್ರೆ ಸಾಕಿತ್ತು. ಮಧ್ಯಾಹ್ನದ್ದು ಬಿಡ್ಲಿಕ್ಕೆ ಆಗುದಿಲ್ಲ, ರಾತ್ರಿಯ ಗಂಜಿ ಒಂದು ಸೌಟು ಕಡಿಮೆ ಮಾಡಬಹುದೋ ಏನೋ.”

ನನ್ನ ಎರಡನೆಯ ಮಾತು ಪ್ರಶ್ನೆಯಾಗಿರಲಿಲ್ಲ ಎಂಬುದನ್ನು ಗಮನಿಸಿ. ಕೇಳಿದ್ದರ ಹಿಂದಿನ ಅರ್ಥವನ್ನು ಹೇಳಿಕೆಯಾಗಿ ಮರಳಿ ಒಪ್ಪಿಸುವುದಕ್ಕೆ ಪ್ರತಿಫಲನ ಎಂದು ಹೆಸರು. ಅದರ ಬೆನ್ನಿಗೇ ಬದಲಾವಣೆಯ ಮಾತು ಬಂದಿತು. ನಮ್ಮ ಭಾಷೆಯಲ್ಲಿ ಈ ಮಾತು ಹೆಚ್ಚಾಗಿ ಕ್ರಿಯಾಪದದ ತುದಿಯಲ್ಲಿ ಕುಳಿತಿರುತ್ತದೆ: ‘ಸಾಕಿತ್ತು’ ಎಂಬುದರಲ್ಲಿ ಆಸೆ, ‘ಮಾಡಬಹುದೋ ಏನೋ’ ಎಂಬುದರಲ್ಲಿ ಅಳುಕಿನೊಡನೆ ಬೆರೆತ ಸಾಮರ್ಥ್ಯ, ‘ನಾಳೆಯಿಂದ ಮಾಡ್ತೇನೆ’ ಎಂಬುದರಲ್ಲಿ ಸಂಕಲ್ಪ. ‘ಆಯ್ತು’ ಎಂಬುದು ಬಹಳ ಸಲ ಮರ್ಯಾದೆಯ ಮಾತು, ‘ನೋಡುವ’ ಎಂಬುದು ನಯವಾದ ನಿರಾಕರಣೆ. ಇವೆರಡನ್ನೂ ಒಪ್ಪಿಗೆಯೆಂದು ದಾಖಲೆಯಲ್ಲಿ ಬರೆದುಕೊಳ್ಳಬಾರದು. ಇಷ್ಟರ ಜೊತೆಗೆ, ಕಣ್ಣು ಮಂಜಾಗಿದೆ ಎಂದವರನ್ನು ಅಕ್ಷಿಪಟಲದ (ಕಣ್ಣಿನ ಒಳಪದರವಾದ ರೆಟಿನಾದ) ತಪಾಸಣೆಗೆ ಕಳುಹಿಸುವುದು ನಮ್ಮ ಕರ್ತವ್ಯ. ಗಂಜಿ ಕಡಿಮೆ ಮಾಡಿದರೆ ದೃಷ್ಟಿ ಮರಳುತ್ತದೆಂದು ಭರವಸೆ ಕೊಡುವ ಹಕ್ಕು ನಮಗಿಲ್ಲ.

ಗಡಿನಾಡಿನಲ್ಲಿ ಈ ಸೂಕ್ಷ್ಮ ಸುಲಭವಾಗಿ ಕಳೆದುಹೋಗುತ್ತದೆ. ಮಲಯಾಳ ಮಾತ್ರ ಬಲ್ಲ ದಾದಿಯು ಕೇಳಿದ್ದನ್ನು ಸೊಸೆಯು ಕನ್ನಡಕ್ಕೋ ತುಳುವಿಗೋ ತಿರುಗಿಸಿ, ಅತ್ತೆಯ ‘ಮಾಡಬಹುದೋ ಏನೋ’ ಎಂಬ ಉತ್ತರವನ್ನು ‘ಮಾಡುತ್ತಾರಂತೆ’ ಎಂದು ಮರಳಿಸಿದರೆ, ಆ ಅಳುಕಿನ ಕುರಿತು ನಡೆಯಬೇಕಾಗಿದ್ದ ಇಡೀ ಸಂಭಾಷಣೆಯೇ ಬಿದ್ದುಹೋಗುತ್ತದೆ. ಮನೆಮಾತಿನಲ್ಲಿ ಕೇಳಿಸಿಕೊಳ್ಳುವುದು ಚಿಕಿತ್ಸೆಯ ಭಾಗವೇ ಎಂದು ನಾನು ದೃಢವಾಗಿ ನಂಬುತ್ತೇನೆ.

ಬದಲಾಗಬಲ್ಲೆ ಎಂಬ ರೋಗಿಯ ಆತ್ಮವಿಶ್ವಾಸವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕದಲ್ಲಿ ಅಳೆಯಬೇಕೆಂದು ಪಠ್ಯದಲ್ಲಿದೆ. ಹಿರಿಯರಿಗೆ ಅಂಕದ ಲೆಕ್ಕ ಒಗ್ಗದಿದ್ದರೆ, ರೂಪಾಯಿಗೆ ಹದಿನಾರು ಆಣೆಯೆಂಬ ಹಳೆಯ ಲೆಕ್ಕದಲ್ಲಿ, “ರೂಪಾಯಿಯಲ್ಲಿ ಎಷ್ಟು ಆಣೆ ಧೈರ್ಯ ಉಂಟು?” ಎಂದು ಕೇಳಬಹುದು. ಆರಾಣೆ ಎಂದರೆ, ಹದಿನಾರು ಯಾಕಿಲ್ಲ ಎಂದು ಕೇಳದೆ, “ಎರಡಾಣೆ ಅನ್ನದೆ ಆರಾಣೆ ಅಂದದ್ದು ಯಾಕೆ?” ಎಂದು ಕೇಳಬೇಕು. ಮೊದಲ ಪ್ರಶ್ನೆ ನೆಪಗಳನ್ನು ಹೊರತರುತ್ತದೆ, ಎರಡನೆಯದು ಬಲವನ್ನು.

ಮಾಹಿತಿ ಕೊಡಲೇಬೇಕಾದಾಗ ಮೊದಲು ಕೇಳಿ, ಅನುಮತಿ ಪಡೆದು ಹೇಳಿ, ಮತ್ತೆ ಕೇಳುವುದು ಕ್ರಮ. “ನಾನು ದಪ್ಪ ಇಲ್ಲವಲ್ಲ, ನನಗೆ ಹೇಗೆ ಬಂತು?” ಎನ್ನುವವರಿಗೆ ಅವರ ಊಹೆಯೇನೆಂದು ಕೇಳಿದ ಮೇಲೆ, ದಕ್ಷಿಣ ಏಷ್ಯಾದವರಲ್ಲಿ ತೂಕ ಹೆಚ್ಚಿಲ್ಲದಿದ್ದರೂ ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಿರುವುದುಂಟು, ಆ ಕಾರಣದಿಂದಲೇ ನಮ್ಮಲ್ಲಿ ಅಧಿಕ ತೂಕದ ಗಡಿಯನ್ನು ದೇಹತೂಕ ಸೂಚ್ಯಂಕ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಬಿಎಂಐ) 25ರ ಬದಲು 23ಕ್ಕೆ ಇಳಿಸಲಾಗಿದೆ ಎಂದು ತಿಳಿಸಬಹುದು. ಬಳಿಕ, “ಇದನ್ನು ಕೇಳಿ ನಿಮಗೆ ಎಂತ ಅನಿಸ್ತದೆ?” ಎಂದು ನಿಲ್ಲಬೇಕು. ಇನ್ಸುಲಿನ್ ಎಂದರೆ ಕೊನೆಯ ಹಂತವೆಂಬ ಭಯಕ್ಕೂ, ಹಾಗಲಕಾಯಿಯ ರಸ ಕುಡಿದರೆ ಮಾತ್ರೆ ಬೇಡವೆಂಬ ನಂಬಿಕೆಗೂ ಇದೇ ಕ್ರಮ. ರಂಜಾನ್ ಉಪವಾಸ ಹಿಡಿಯುವವರೊಡನೆ ಈ ಮಾತುಕತೆ ತಿಂಗಳುಗಳ ಮೊದಲೇ, ಮದ್ದಿನ ಹೊತ್ತನ್ನು ವೈದ್ಯರು ಹೊಂದಿಸಿಕೊಡುವಷ್ಟು ಸಮಯವಿರುವಾಗಲೇ ನಡೆಯಬೇಕು.

ಒಲೆಯ ಮೇಲೆ ಎಲ್ಲರಿಗೂ ಒಂದೇ ಪಾತ್ರೆಯಿರುವ ಮನೆಯಲ್ಲಿ ಯೋಜನೆಯನ್ನು ರೋಗಿಯೊಬ್ಬರೊಡನೆ ಮಾಡಿ ಮುಗಿಸಲಾಗದು. ಅಡುಗೆ ಮಾಡುವವರೂ ಕುಳಿತಿರಲಿ. ಆದರೆ ಅವರು ದೂರು ಹೇಳತೊಡಗಿದರೆ ಮಾತನ್ನು ಮೆಲ್ಲನೆ ರೋಗಿಯ ಕಡೆಗೇ ತಿರುಗಿಸಬೇಕು.

ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆಯನ್ನು ಸೂಚಿಸುವ ಅಳತೆ) ಇಳಿಕೆಯ ದೃಷ್ಟಿಯಿಂದ ಈ ವಿಧಾನದ ಮೇಲಿನ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ, ಪರಿಣಾಮ ಕಂಡಲ್ಲಿಯೂ ಅದು ಸಾಧಾರಣವಾದುದು. ಇದು ಮದ್ದಿಗೆ ಬದಲಿಯಲ್ಲ. ಎಲ್ಲ ಹೊತ್ತಿಗೂ ಸಲ್ಲುವುದೂ ಅಲ್ಲ. ಎದುರಿಗಿದ್ದವರು ಬೆವತು, ಕೈ ನಡುಗಿ, ಗ್ಲುಕೋಮೀಟರ್ ರಕ್ತದ ಸಕ್ಕರೆಯನ್ನು 70 ಮಿ.ಗ್ರಾಂ/ಡೆ.ಲೀ.ಗಿಂತ ಕೆಳಗೆ ತೋರಿಸಿದರೆ, ಅಂದರೆ ಸಕ್ಕರೆ ಅಪಾಯಕಾರಿಯಾಗಿ ಇಳಿದಿದ್ದರೆ, ವಿವರವಾಗಿ ಮಾತನಾಡಿಸುವ ಯಾವ ಮುಕ್ತ ಪ್ರಶ್ನೆಯೂ ಬೇಡ: ಎಚ್ಚರವಿದ್ದು ನುಂಗಬಲ್ಲವರಾದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು, ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು. ಚೇತರಿಸಿಕೊಂಡು ತಿಂಡಿ ತಿಂದ ಮೇಲೆ, “ಇವತ್ತು ಬೆಳಿಗ್ಗೆಯಿಂದ ಏನೇನು ನಡೆಯಿತು, ಹೇಳ್ತೀರಾ ಅಮ್ಮಾ?” ಎಂದು ಮತ್ತೆ ಆರಂಭಿಸಬಹುದು.