ತಿರುವಿನಲ್ಲಿ ಕಟಕಟ ಸದ್ದು: ಡ್ರೈವ್‌ಶಾಫ್ಟ್ ಪೂರ್ತಿ ಬದಲಿಸಬೇಕೆ?

ಪ್ರಶ್ನೆ: ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಕಾರು ಹೊರಳಿಸುವಾಗ ಮುಂದಿನ ಚಕ್ರದ ಬಳಿ ಕಟಕಟ ಸದ್ದು ಬರುತ್ತದೆ. ನೇರ ರಸ್ತೆಯಲ್ಲಿ ಏನೂ ಇಲ್ಲ. ರಬ್ಬರ್ ಬೂಟ್ ಹರಿದಿದೆ. ಬೂಟ್ ಬದಲಿಸಿದರೆ ಸಾಕೇ, ಶಾಫ್ಟನ್ನೇ ಬದಲಿಸಬೇಕೇ?

ಉತ್ತರ: ಸದ್ದು ಶುರುವಾದ ಮೇಲೆ ಬೂಟ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ, ಅದು ಮುಚ್ಚಿಕೊಂಡಿರುವ ಜಾಯಿಂಟ್ (ಶಾಫ್ಟಿನ ತುದಿಯ ಬಾಗುವ ಕೀಲು) ಆಗಲೇ ಸವೆದಿರುತ್ತದೆ. ಹಾಗೆಂದು ಶಾಫ್ಟ್ ಪೂರ್ತಿ ಹೋಗಿದೆ ಎಂದೂ ಅಲ್ಲ.

ಮುಂದಿನ ಚಕ್ರಗಳಿಗೆ ಶಕ್ತಿ ಹೋಗುವ ಕಾರಿನಲ್ಲಿ ಗೇರ್‌ಬಾಕ್ಸ್‌ನಿಂದ ಎಡಕ್ಕೊಂದು, ಬಲಕ್ಕೊಂದು ಶಾಫ್ಟ್ ಹೊರಡುತ್ತದೆ. ಒಂದೊಂದಕ್ಕೂ ಎರಡು ಜಾಯಿಂಟ್. ಗೇರ್‌ಬಾಕ್ಸ್ ಕಡೆಯ ಒಳ ಜಾಯಿಂಟ್ ಸಸ್ಪೆನ್ಷನ್ ಏರಿಳಿದಂತೆ ಒಳಗೂ ಹೊರಗೂ ಜಾರುತ್ತದೆ. ಚಕ್ರದ ಕಡೆಯ ಹೊರ ಜಾಯಿಂಟ್‌ಗೆ ಕೆಲಸ ಇನ್ನೂ ಕಠಿಣ: 40 ಡಿಗ್ರಿಯಷ್ಟು ಬಾಗಿದ ಸ್ಥಿತಿಯಲ್ಲೂ ಚಕ್ರವನ್ನು ಒಂದೇ ವೇಗದಲ್ಲಿ ತಿರುಗಿಸಬೇಕು. ಹಳೆಯ ಕಾಲದ ಅಡ್ಡಕಡ್ಡಿಯ ಯೂನಿವರ್ಸಲ್ ಜಾಯಿಂಟ್‌ಗೆ ಇದು ಆಗದು. ಅದು ಬಾಗಿದಾಗ ಪ್ರತಿ ಸುತ್ತಿನಲ್ಲಿ ಎರಡು ಬಾರಿ ವೇಗ ಹೆಚ್ಚಿ, ಎರಡು ಬಾರಿ ತಗ್ಗುತ್ತದೆ. 1920ರ ದಶಕದಲ್ಲಿ ಆಲ್ಫ್ರೆಡ್ ಜೆಪ್ಪಾ ಎಂಬ ಎಂಜಿನಿಯರ್ ಇದಕ್ಕೆ ಪರಿಹಾರ ರೂಪಿಸಿದರು: ಬಾಗಿದ ತೋಡುಗಳಲ್ಲಿ ಓಡಾಡುವ ಉಕ್ಕಿನ ಗುಂಡುಗಳು, ಸಾಮಾನ್ಯವಾಗಿ ಆರು. ಅದೇ ಇಂದಿನ ಸಿವಿ (ಕಾನ್‌ಸ್ಟಂಟ್ ವೆಲಾಸಿಟಿ, ಅಂದರೆ ಒಂದೇ ವೇಗದ) ಜಾಯಿಂಟ್. ಎಷ್ಟು ಬಾರಿ ಬಿಚ್ಚಿ ನೋಡಿದರೂ ನನಗೆ ಅದರ ಮೇಲಿನ ಬೆರಗು ಹೋಗಿಲ್ಲ.

ನೇರ ಓಟದಲ್ಲಿ ಗುಂಡುಗಳು ತಮ್ಮ ತೋಡಿನಲ್ಲಿ ಹೆಚ್ಚು ಸರಿದಾಡುವುದಿಲ್ಲ. ಸ್ಟಿಯರಿಂಗ್ ತಿರುಗಿಸಿದಾಗ ಪ್ರತಿ ಸುತ್ತಿಗೂ ಹಿಂದೆ ಮುಂದೆ ಜಾರುತ್ತವೆ. ತೋಡು ಸವೆದು ತಗ್ಗು ಬಿದ್ದಿದ್ದರೆ ಅದರ ಅಂಚಿಗೆ ಎಡವುತ್ತವೆ. ನಿಮಗೆ ಕೇಳಿಸುವ ಕಟಕಟ ಅದೇ.

ಸವೆತಕ್ಕೆ ದಾರಿ ಮಾಡಿಕೊಡುವುದು ಬಹುಪಾಲು ಹರಿದ ಬೂಟ್. ಚಕ್ರ ಸುತ್ತುವ ರಭಸಕ್ಕೆ ಗ್ರೀಸ್ ಬಿರುಕಿನಿಂದ ಹೊರಗೆ ಎರಚಿಹೋಗುತ್ತದೆ, ಅದರ ಜಾಗಕ್ಕೆ ನೀರು, ಮರಳು ಬರುತ್ತವೆ. ನನ್ನ ಕಾರಿನಲ್ಲಿ ರಿಮ್‌ನ ಒಳಮೈಗೆ ಕಪ್ಪು ಹನಿಗಳು ಸಾಲಾಗಿ ಚಿಮ್ಮಿದ್ದನ್ನು ಕಂಡೂ ಮಳೆಗಾಲ ಮುಗಿಯಲಿ ಎಂದು ಬಿಟ್ಟೆ. ಕೊನೆಗೆ ಬೂಟಿನೊಳಗಿನ ಗ್ರೀಸನ್ನು ಬೆರಳಿನ ನಡುವೆ ಉಜ್ಜಿದಾಗ ರವೆಯಂತೆ ತರಿತರಿಯಾಗಿತ್ತು. ಜಾಯಿಂಟ್ ಉಳಿಯಲಿಲ್ಲ.

ಆದ್ದರಿಂದ ಎಂಜಿನ್ ಆಯಿಲ್ ಬದಲಿಸುವಾಗಲೆಲ್ಲ ಸ್ಟಿಯರಿಂಗ್ ಒಂದು ಕಡೆಗೆ ಪೂರ್ತಿ ತಿರುಗಿಸಿ, ಎಂಜಿನ್ ನಿಲ್ಲಿಸಿ, ಟಾರ್ಚ್ ಹಿಡಿದು ಬೂಟಿನ ಮಡಿಕೆಗಳ ಸಂದಿಯನ್ನು ನೋಡಿ. ಬಿರುಕು ಮೊದಲು ಹುಟ್ಟುವುದು ಅಲ್ಲೇ. ಸದ್ದಿಲ್ಲದೆ ಬೂಟ್ ಮಾತ್ರ ಸೀಳಿದ್ದು, ಗ್ರೀಸ್ ನುಣುಪಾಗಿದ್ದರೆ ತಡಮಾಡಬೇಡಿ: ಜಾಯಿಂಟ್ ತೊಳೆದು, ಕಿಟ್‌ನೊಂದಿಗೆ ಬಂದ ಗ್ರೀಸನ್ನು ಹೇಳಿದಷ್ಟೇ ತುಂಬಿ, ಹೊಸ ಬೂಟ್ ಮತ್ತು ಕ್ಲಾಂಪ್ ಹಾಕಿಸಿದರೆ ಸಾಕು. ಕೈಗೆ ಸಿಕ್ಕಿದ ಗ್ರೀಸ್ ಬೇಡ.

ಖರ್ಚಿಗೆ ಮುನ್ನ ಸದ್ದನ್ನು ಖಚಿತಪಡಿಸಿಕೊಳ್ಳಿ. ಖಾಲಿ ಜಾಗದಲ್ಲಿ ನಿಧಾನವಾಗಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಸುತ್ತು ಹೊಡೆಯಿರಿ. ಎಡಕ್ಕೆ ತಿರುಗುವಾಗ ಸದ್ದು ಹೆಚ್ಚಾದರೆ ಸಾಮಾನ್ಯವಾಗಿ ಬಲಗಡೆಯ ಹೊರ ಜಾಯಿಂಟ್, ಬಲಕ್ಕೆ ತಿರುಗುವಾಗ ಹೆಚ್ಚಾದರೆ ಎಡಗಡೆಯದು. ವೇಗ ಹೆಚ್ಚಿಸುವಾಗ ಕಾರು ನಡುಗಿದರೆ ಒಳ ಜಾಯಿಂಟನ್ನು ಶಂಕಿಸಿ. ವೇಗಕ್ಕೆ ತಕ್ಕಂತೆ ಏರುವ ಗುಂಯ್ ಎಂಬ ಸದ್ದು ಬಹುತೇಕ ವೀಲ್ ಬೇರಿಂಗ್‌ನದು. ಅದಕ್ಕೆ ಶಾಫ್ಟ್ ಬದಲಿಸಿ ದುಡ್ಡು ಕಳೆದುಕೊಳ್ಳಬೇಡಿ.

ಈಗ ನಿಮ್ಮ ಕಾರು. ಒಳ ಜಾಯಿಂಟ್ ಬಿಗಿಯಾಗಿದ್ದು, ನಿಮ್ಮ ಮಾದರಿಗೆ ಹೊರ ಜಾಯಿಂಟ್ ಬಿಡಿಯಾಗಿ ಸಿಗುವುದಾದರೆ ಅದನ್ನಷ್ಟೇ ಹಾಕಿಸಿ. ಎರಡೂ ಸಡಿಲವಾಗಿದ್ದರೆ ಪೂರ್ತಿ ಶಾಫ್ಟೇ ಸರಿ. ಯಾವುದೇ ಆದರೂ ಚಕ್ರದ ನಡುಭಾಗದ ಹಬ್‌ನ ದೊಡ್ಡ ನಟ್ ಹೊಸದಿರಲಿ, ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ವ್ರೆಂಚ್‌ನಿಂದಲೇ ಬಿಗಿಯಲಿ. ಗೇರ್‌ಬಾಕ್ಸ್ ಕಡೆಯ ತುದಿ ಕಳಚಿದ್ದರೆ ಅಲ್ಲಿನ ಆಯಿಲ್ ಸೀಲನ್ನು ಪರೀಕ್ಷಿಸಿ, ಸೋರಿದಷ್ಟು ಆಯಿಲ್ ಮತ್ತೆ ತುಂಬಿಸಿ.